ಅಳತೆ ಪುಸ್ತಕದ ಹಿಂಬದಿ

ಮೇ ೧೨, ಸೋಮವಾರ

ಸನ್ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲೆ ಆಸೀನರಾಗಿರುವ ಗಣ್ಯರೇ, ಹಿಂದಿನ ಸಾಲಿನಲ್ಲಿ ಕೂತು ಈಗಲೇ ಆಕಳಿಸುತ್ತಿರುವ ಮಹಾಜನಗಳೇ,

ಈ ದಿನ ಸಂಜೆ ಆರು ಗಂಟೆ ಹತ್ತು ನಿಮಿಷಕ್ಕೆ ನನ್ನ ಫೋನು ಕಣ್ಣು ಮುಚ್ಚಿತು ಎಂದು ತಿಳಿಸಲು ವಿಷಾದಿಸುತ್ತೇನೆ. ವಯಸ್ಸು ಆರು. ಫೋನುಗಳ ಮಟ್ಟಿಗೆ ಅದು ಮೊಮ್ಮಕ್ಕಳನ್ನು ಕಂಡ ವಯಸ್ಸು. ಒಂದು ತಿಂಗಳಿಂದ ಚಾರ್ಜರಿನ ಜೊತೆ ಮಾತು ಕಡಿಮೆ ಮಾಡಿತ್ತು, ಇಂದು ಪೂರ್ತಿ ಬಿಟ್ಟಿತು.

ವೈರು ಚುಚ್ಚಿದರೆ ಮಿಂಚಿಲ್ಲ,
ಬೆನ್ನು ತಟ್ಟಿದರೆ ಮಿಸುಕಿಲ್ಲ.

ನಗಬೇಡಿ. ನಾನು ದರ್ಜಿ. ಕನ್ನಡ ಮಾಧ್ಯಮದಲ್ಲಿ ಬಿ.ಎ. ಮುಗಿಸಿ ಅಪ್ಪನ ಅಂಗಡಿಗೆ ಬಂದು ಕೂತ ದರ್ಜಿ. ಆ ಪದವಿಯಿಂದ ನನಗೆ ದಕ್ಕಿದ್ದು ಪ್ರಾಸ ಒಂದೇ. ನನ್ನ ಕೆಲಸದ ಕಷ್ಟ ಸಭೆಗೆ ಗೊತ್ತಿರಲಿಕ್ಕಿಲ್ಲ: ಟೇಪು ಹಿಡಿಯಲು ಎರಡೂ ಕೈ ಬೇಕು, ಅಳತೆ ಬರೆದುಕೊಳ್ಳಲು ಮೂರನೆಯದು ಬೇಕು. ಹಿಂದೆ ಆ ಮೂರನೆಯ ಕೈ ನನ್ನ ಅಕ್ಕನದಾಗಿತ್ತು. ಆರು ವರ್ಷದಿಂದ ಫೋನಿನದು. ನಾನು ಅಳೆಯುತ್ತ ಅಂಕಿಗಳನ್ನು ಗಟ್ಟಿಯಾಗಿ ಹೇಳುತ್ತೇನೆ. ಕತ್ತರಿಸುವ ಮೇಜಿನ ಮೇಲೆ ಒರಗಿಸಿಟ್ಟ ಫೋನು ರೆಕಾರ್ಡ್ ಮಾಡಿಕೊಳ್ಳುತ್ತದೆ. ಆಮೇಲೆ ಕೇಳಿಸಿಕೊಂಡು ಬಟ್ಟೆ ಕತ್ತರಿಸುತ್ತೇನೆ. ಕಾಗದದಲ್ಲಿ ಒಂದಕ್ಷರವೂ ಇಲ್ಲ.

ಪಕ್ಕದ ಬೀದಿಯ ಶಾಲೆಗೆ ನೂರಾ ಹತ್ತು ಮಕ್ಕಳ ಯೂನಿಫಾರ್ಮ್ ಹೊಲಿಯಬೇಕು. ಅರವತ್ತನಾಲ್ಕು ಮುಗಿದಿವೆ. ಉಳಿದ ನಲವತ್ತಾರು ಮಕ್ಕಳು, ತಮ್ಮ ಎದೆ, ಸೊಂಟ, ತೋಳುಗಳ ಸಮೇತ, ಆ ಫೋನಿನ ಹೊಟ್ಟೆಯೊಳಗಿದ್ದಾರೆ. ಶಾಲೆ ತೆರೆಯುವುದು ಜೂನ್ ಎರಡಕ್ಕೆ.

ಸಂಜೆ ಬೆರಳಿಗೆ ಕೆಲಸವಿಲ್ಲದೆ ಕಪಾಟು ತಡಕಿದಾಗ ಅಕ್ಕನ ಕೊನೆಯ ಅಳತೆ ಪುಸ್ತಕ ಸಿಕ್ಕಿತು. ಮುಂದಿನಿಂದ ಅರ್ಧ ತುಂಬಿದೆ, ಉಳಿದರ್ಧ ಖಾಲಿ. ಅದನ್ನೇ ತಲೆಕೆಳಗು ಮಾಡಿ ಹಿಂದಿನಿಂದ ಈ ಭಾಷಣ ಬರೆಯುತ್ತಿದ್ದೇನೆ. ಚಪ್ಪಾಳೆ ಬೇಡ.

ಮೇ ೧೩, ಮಂಗಳವಾರ

ಚಿಕಿತ್ಸೆಯ ವರದಿ. ಬೇರೆ ಪ್ಲಗ್ಗಿಗೆ ಹಾಕಿದೆ, ಇಲ್ಲ. ಎದುರು ಅಂಗಡಿಯ ಇಸ್ತ್ರಿಯವನಿಂದ ಬೇರೆ ವೈರು ತಂದೆ, ಇಲ್ಲ. ಬೇರೆ ಚಾರ್ಜರು, ಇಲ್ಲ. ವೈರನ್ನು ಎಡಕ್ಕೆ ಬಾಗಿಸಿ ಮೇಲೆ ದೊಡ್ಡ ಕತ್ತರಿ ಹೇರಿದಾಗ ಒಂದು ಕ್ಷಣ ಬ್ಯಾಟರಿಯ ಚಿತ್ರ ಮೂಡಿತು. ನಾನು ಉಸಿರು ಬಿಗಿಹಿಡಿದೆ. ಉಸಿರು ಬಿಟ್ಟೊಡನೆ ಹೋಯಿತು.

"ಅಣ್ಣಾ, ಅದಕ್ಕೆ ನಾಲ್ಕು ಬಾರಿಸ್ಬೇಕು," ಅಂದ ಇಸ್ತ್ರಿಯವನು. "ನಮ್ಮನೆ ಟಿವಿ ಹಾಗೇ ಮಾತು ಕೇಳೋದು."

"ಬಿಸಿಲಿಗಿಡೋ," ಅಂದಳು ಅಮ್ಮ. ಅವಳ ಪಾಲಿಗೆ ಹಾಸಿಗೆ, ಕೀಲುನೋವು, ಫೋನು ಎಲ್ಲಕ್ಕೂ ಬಿಸಿಲೇ ವೈದ್ಯ.

ಕೊನೆಗೆ ನನ್ನ ಬುದ್ಧಿ ಓಡಿಸಿದೆ. ಮೂವತ್ತು ವರ್ಷದಿಂದ ಹೊಲಿಗೆ ಮಿಷನ್ನು ಬಿಗಿದುಕೊಂಡಾಗ ಏನು ಮಾಡುತ್ತೇನೋ ಅದನ್ನೇ ಮಾಡಿದೆ. ಚಾರ್ಜರಿನ ತೂತಿಗೆ ಎರಡು ಹನಿ ಮಿಷನ್ ಎಣ್ಣೆ ಬಿಟ್ಟೆ. ಅಪ್ಪ ಬಾಗಿಲ ತಿರುಗಣಿಗೂ ಸೈಕಲ್ಲಿಗೂ ಒಮ್ಮೆ ಗೋಡೆ ಗಡಿಯಾರಕ್ಕೂ ಇದೇ ಎಣ್ಣೆ ಬಿಟ್ಟಿದ್ದರು. ಗಡಿಯಾರ ಅವತ್ತಿನಿಂದ ಹನ್ನೊಂದು ಗಂಟೆಯನ್ನೇ ತೋರಿಸುತ್ತಿದೆ ಎಂಬುದು ಆಮೇಲೆ ನೆನಪಾಯಿತು.

ಮೇ ೧೫, ಗುರುವಾರ

ಸಭಿಕರು ಎದ್ದು ನಿಲ್ಲಬೇಕಾಗಿ ವಿನಂತಿ. ಮಾನ್ಯ ಅಕ್ಕನವರ ಆಗಮನವಾಗಿದೆ.

ನಾನು ಕರೆದದ್ದಲ್ಲ. ಅಮ್ಮ ನನ್ನನ್ನು ಕೇಳದೆ ಇಸ್ತ್ರಿಯವನ ಫೋನಿನಿಂದ ಅವಳಿಗೆ ಹೇಳಿಬಿಟ್ಟಿದ್ದಾಳೆ. ಅಕ್ಕನ ಮನೆ ಮೂರು ಬೀದಿ ಆಚೆ. ಆಸ್ಪತ್ರೆಯಲ್ಲಿ ಹರಿದ ಹಾಸಿಗೆ ಬಟ್ಟೆ ಹೊಲಿಯುವ ಕೆಲಸ, ಮೂರು ಗಂಟೆಗೆ ಮುಗಿಯುತ್ತದೆ. ಅಮ್ಮನನ್ನು ನೋಡಲು ಬರುತ್ತಾಳೆ, ಹಿಂದಿನ ಬಾಗಿಲಿನಿಂದ ಬಂದು ಹಿಂದಿನ ಬಾಗಿಲಿನಿಂದ ಹೋಗುತ್ತಾಳೆ. ಅಂಗಡಿಯ ಹೊಸಿಲು ತುಳಿದು ಆರು ವರ್ಷವಾಯಿತು.

ಹಿನ್ನೆಲೆ ಹೇಳಬೇಕು, ಇಲ್ಲದಿದ್ದರೆ ಸಭೆಯಲ್ಲಿ ಗುಸುಗುಸು ಶುರುವಾಗುತ್ತದೆ. ಫೋನು ಹೊಸದಾಗಿ ಬಂದ ವಾರ ಅದನ್ನೂ ಇಟ್ಟುಕೊಂಡೆವು, ಅಕ್ಕನ ಪುಸ್ತಕವನ್ನೂ ಇಟ್ಟುಕೊಂಡೆವು. ಹತ್ತನೇ ತರಗತಿಯ ಒಬ್ಬ ಉದ್ದನೆಯ ಹುಡುಗನ ಪ್ಯಾಂಟು ಮೂವತ್ತೆಂಟು ಇಂಚು ಇರಬೇಕಾದದ್ದು ಪುಸ್ತಕದಲ್ಲಿ ಇಪ್ಪತ್ತೆಂಟು ಆಗಿತ್ತು. ನಾನು ಪುಸ್ತಕ ನೋಡಿಕೊಂಡು ಹೊಲಿದೆ. ಹುಡುಗ ಶಾಲೆಯ ಮೊದಲ ದಿನ ಮೊಣಕಾಲ ಕೆಳಗೆ ಒಂದು ಗೇಣು ಕಾಲು ತೋರಿಸುತ್ತ ನಿಂತ. ಹೆಡ್‌ಮಾಸ್ಟರು ಪ್ಯಾಂಟು ಕೈಯಲ್ಲಿ ಹಿಡಿದುಕೊಂಡೇ ಅಂಗಡಿಗೆ ಬಂದರು. ನಾನು ಅವರ ಮುಂದೆ ಹೇಳಿದೆ: "ಬರೆದೋಳು ನಮ್ಮಕ್ಕ, ಸಾರ್. ಇನ್ಮೇಲೆ ಫೋನೇ ನೋಡ್ಕೊಳ್ಳತ್ತೆ. ಅದು ತಪ್ಪೋದಿಲ್ಲ." ಅಕ್ಕ ಪೆನ್ಸಿಲ್ ಮೇಜಿನ ಮೇಲಿಟ್ಟಳು. ಅಷ್ಟೇ. ಕೂಗಾಡಲಿಲ್ಲ, ಅಳಲಿಲ್ಲ. ಅವಳ ತಪ್ಪನ್ನು ಅವಳಿಗೆ ಹೇಳಿದ್ದಕ್ಕೆ ಆರು ವರ್ಷ ಮುನಿಸೇ? ನ್ಯಾಯ ಸಭೆಗೆ ಬಿಟ್ಟದ್ದು.

ಇವತ್ತು ಮುಂದಿನ ಬಾಗಿಲಿನಿಂದಲೇ ಬಂದಳು. ಚಪ್ಪಲಿ ಬಿಡುತ್ತ ಅಂದಳು:

"ಸತ್ತೋಯ್ತಂತೆ ನಿನ್ನ ಬಂಗಾರ?"

"ಸತ್ತಿಲ್ಲ. ಚಾರ್ಜ್ ಆಗ್ತಿಲ್ಲ."

"ಹೆಣಕ್ಕೆ ಉಸಿರಾಟದ ತೊಂದರೆ ಅಂದ ಹಾಗಾಯ್ತು."

ಆಮೇಲೆ ಷರತ್ತು ಹಾಕಿದಳು. "ನಾಳೆಯಿಂದ ಮಕ್ಕಳನ್ನ ಮತ್ತೆ ಕರೆಸು. ನೀನು ಅಳಿ, ನಾನು ಬರಿತೀನಿ. ಆದ್ರೆ ನೋಡು, ಅದು ಸರಿಹೋಗೋವರೆಗೆ ಮಾತ್ರ. ಅದು ಕಣ್ಣು ಬಿಟ್ಟ ದಿನ ನಾನು ಪೆನ್ಸಿಲ್ ಕೆಳಗಿಡ್ತೀನಿ. ಅದ್ರ ಪಕ್ಕ ಕೂತು ಬರೆಯೋ ಹಣೆಬರಹ ನಂಗೆ ಬೇಡ."

"ಆಗಲಿ," ಅಂದೆ. ಎರಡು ದಿನದ ಮಾತು ತಾನೇ.

"ನನ್ನ ಪುಸ್ತಕ ಎಲ್ಲಿ?"

"ಹೊಸದು ತರ್ತೀನಿ."

"ಅರ್ಧ ಖಾಲಿ ಬಿಟ್ಟು ಹೋಗಿದ್ನಲ್ಲ. ಅದನ್ನೇ ಕೊಡು."

ಸಭಿಕರೇ, ಆಗ ನನ್ನ ಮುಖ ನೋಡಬೇಕಿತ್ತು. ಒಳಗೆ ಹೋಗಿ ಈ ಹಿಂಬದಿಯ ಹಾಳೆಗಳನ್ನು ಸೇರಿಸಿ ಮೂರು ಗುಂಡುಸೂಜಿ ಚುಚ್ಚಿ ತಂದುಕೊಟ್ಟೆ. ಅವಳು ತಿರುಗಿಸಿ ನೋಡಿದಳು.

"ಇದೇನೋ, ಮಡಚಿ ಹೊಲಿಯೋಕೆ ಬಿಟ್ಟಿದ್ದೀಯಾ?"

"ಖಾಸಗಿ."

"ಹಾಗಾದ್ರೆ ನಾನು ಮುಟ್ಟಲ್ಲ. ಪಿನ್ನು ಹಾಕಿದೋರೇ ತೆಗೀಬೇಕು."

ಮೇ ೧೬, ಶುಕ್ರವಾರ

ಒಂಬತ್ತು ಮಕ್ಕಳು ಬಂದರು. ಮೊದಲನೆಯವನು ಎಂಟು ವರ್ಷದವನು, ಕಚಗುಳಿಯ ಆಸಾಮಿ. ಟೇಪು ಸೊಂಟಕ್ಕೆ ತಾಗಿದೊಡನೆ ಬಳುಕಿ ಬಿದ್ದ. ಕಷ್ಟಪಟ್ಟು ಅಳೆದು ಕೂಗಿದೆ:

"ಇಪ್ಪತ್ನಾಕು!"

ಅಕ್ಕ ತಲೆ ಎತ್ತದೆ, ಬರೆಯುತ್ತಲೇ, "ನೆಟ್ಟಗೆ ನಿಂತ್ರೆ ಸಾಕು," ಅಂದಳು.

ಹುಡುಗ ನೆಟ್ಟಗೆ ನಿಂತ. ನಾನು ಟೇಪು ಹಿಡಿದು ನಿಂತೇ ಇದ್ದೆ.

ಇದು ಅಪ್ಪನ ಕಾಲದ ಆಟ. ಅಪ್ಪ ಅಳತೆ ಕೂಗುವುದು, ಸ್ಟೂಲಿನ ಮೇಲೆ ಕೂತ ಅಕ್ಕ ಪ್ರಾಸ ಹೇಳಿ ಬರೆದುಕೊಳ್ಳುವುದು. ಪ್ರಾಸ ಹೇಳಿದರೆ ಅಂಕಿ ಕಿವಿ ದಾಟಿ ಕೈಗೆ ಇಳಿಯಿತು ಎಂದರ್ಥ. ಅಳೆಸಿಕೊಳ್ಳಲು ಹೆದರುವ ಮಕ್ಕಳೂ ನಗುತ್ತಿದ್ದರು. ನಾನು ಆಗ ಐದಾರು ವರ್ಷದವನು, ಕತ್ತರಿಸುವ ಮೇಜಿನ ಕೆಳಗೆ ಚಿಂದಿ ಬಟ್ಟೆಯ ರಾಶಿಯಲ್ಲಿ ಕೂತಿರುತ್ತಿದ್ದೆ. ತಲೆಯ ಮೇಲೆ ಕತ್ತರಿ ಕರಕರ ಅನ್ನುತ್ತ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆಯುವುದು. ಹೊಸ ಬಟ್ಟೆಯ ಗಂಜಿ ವಾಸನೆ. ಮೇಜಿನ ಕಾಲುಗಳ ನಡುವೆ ಅಕ್ಕನ ಎರಡು ಪಾದಗಳು, ನೆಲಕ್ಕೆ ಎಟುಕದೆ ತೂಗಾಡುತ್ತ. ಆ ಪಾದಗಳನ್ನು ನೋಡಿಕೊಂಡು, ಮೇಲಿನಿಂದ ಬೀಳುವ ಅಂಕಿ, ಪ್ರಾಸ ಕೇಳಿಕೊಂಡು ನಾನು ಎಣಿಕೆ ಕಲಿತೆ. ಇಪ್ಪತ್ತಾರು, ಮುಂದಿನೋನು ಯಾರು. ಇಪ್ಪತ್ತೆಂಟು, ದಾರಕ್ಕೆ ಗಂಟು. ಮೂವತ್ತೆರಡು, ಉಸಿರು ಬಿಡು. ಮೂವತ್ತೆಂಟು, ಏಣಿಯ ನಂಟು. ಆಮೇಲೆ ಕಾಲೇಜಿನಲ್ಲಿ ಛಂದಸ್ಸು ಹೇಳಿಕೊಟ್ಟರು, ಅದೆಲ್ಲ ಪರೀಕ್ಷೆ ಮುಗಿದ ಮಧ್ಯಾಹ್ನವೇ ಮರೆತುಹೋಯಿತು. ಇದು ಮರೆಯಲಿಲ್ಲ.

ಫೋನಿನ ವಿಷಯ ಬರೆಯಲು ಕೂತವನು ಏನೇನೋ ಬರೆದೆ. ಅಧ್ಯಕ್ಷರು ಕ್ಷಮಿಸಬೇಕು. ಫೋನು: ಯಥಾಸ್ಥಿತಿ.

ಮೇ ೧೯, ಸೋಮವಾರ

ಬೆಳಿಗ್ಗೆ ಫೋನನ್ನು ರಿಪೇರಿಯವನ ಬಳಿ ಒಯ್ದೆ. ಮೆಟ್ಟಿಲ ಕೆಳಗೆ ಆಳುದ್ದದ ಅಂಗಡಿ, ಹಣೆಗೆ ದೀಪ ಕಟ್ಟಿಕೊಂಡು ಕೂರುತ್ತಾನೆ. ತೂತಿನೊಳಗೆ ಇಣುಕಿದವನು ನನ್ನನ್ನು ನೋಡಿದ.

"ಮಾಸ್ಟ್ರೇ, ಯಾರ್ರೀ ಇದಕ್ಕೆ ಎಣ್ಣೆ ಬಿಟ್ಟೋರು?"

"ಮನೇಲಿ ವಯಸ್ಸಾದೋರು ಇದ್ದಾರೆ," ಅಂದೆ. ಅಮ್ಮ ಕ್ಷಮಿಸಲಿ.

"ಇನ್ನು ಒಗ್ಗರಣೆ ಒಂದು ಬಾಕಿ."

ಯಾವುದೋ ದ್ರವದಿಂದ ಎಣ್ಣೆ ಒರೆಸಿದ. ಆಮೇಲೆ ಸೂಜಿಯಂಥ ಚಿಮಟದಿಂದ ಒಳಗಿನದನ್ನು ಎಳೆಯತೊಡಗಿದ. ಬಂತು, ಬಂತು, ಬರುತ್ತಲೇ ಇತ್ತು. ನೂಲಿನ ನವಿರು ಹಿಂಜು, ಆರು ವರ್ಷ ನನ್ನ ಅಂಗಿ ಜೇಬಿನಲ್ಲೂ ಕತ್ತರಿ ಮೇಜಿನ ಮೇಲೂ ಕೂಡಿದ್ದು, ವೈರು ಚುಚ್ಚಿದಾಗಲೆಲ್ಲ ಒಳಕ್ಕೆ ಒತ್ತಿ ಒತ್ತಿ ಗಟ್ಟಿಯಾದದ್ದು. ಬಿಳಿ ಕಾಗದದ ಮೇಲೆ ಇಟ್ಟ. ಕಡಲೆಕಾಳಿಗಿಂತ ಚಿಕ್ಕ ಉಂಡೆ.

"ಹೋಗಿ ಹೋಗಿ ಇದಕ್ಕೆ ಅಂಗಿ ಹೊಲ್ದು ತೊಡಿಸಿದ್ದೀರಲ್ಲ, ಮಾಸ್ಟ್ರೇ."

ನಾನು ಅದನ್ನು ಉಗುರಿನಿಂದ ಬಿಡಿಸಿ ನೋಡಿದೆ. ಮೇಲಿನದು ಬಿಳಿ, ಈ ವರ್ಷದ ಶರಟು. ಅದರ ಕೆಳಗೆ ಬೂದು, ನಾಲ್ಕು ವರ್ಷ ನಡೆದ ಪ್ಯಾಂಟಿನ ಬಣ್ಣ. ತೀರಾ ಒಳಗೆ, ಸೂಜಿಮೊನೆಯಷ್ಟು, ಕಡುನೀಲಿ. ಶಾಲೆಯವರು ಕಡುನೀಲಿ ಕೊನೆಯ ಸಲ ಹೊಲಿಸಿ ಆರು ವರ್ಷವಾಯಿತು. ಆ ನೀಲಿ ಹೊಲಿಯುವಾಗ ಮೇಜಿನ ಆಚೆ ಕಡೆ ಸ್ಟೂಲಿನ ಮೇಲೆ ಜನ ಇದ್ದರು.

ಉಂಡೆಯನ್ನು ತಂದು ಗುಂಡಿ ಡಬ್ಬಿಯಲ್ಲಿ ಹಾಕಿದ್ದೇನೆ. ಸಂಜೆ ಅಕ್ಕ ಬಂದು, "ಏನಂದ ರಿಪೇರಿಯೋನು?" ಅಂದಳು. "ಕಷ್ಟ ಅಂದ," ಅಂದೆ. ಅವಳು ಪುಸ್ತಕ ತೆಗೆದಳು.

ಸಭೆಗೆ ಇವತ್ತಿನ ವರದಿ ಇಷ್ಟೇ.

ಮೇ ೨೦, ಮಂಗಳವಾರ

ಫೋನಿನ ಆರೋಗ್ಯ: ಗಂಭೀರ. ಭೇಟಿಗೆ ಅವಕಾಶವಿಲ್ಲ.

ಮೇ ೨೨, ಗುರುವಾರ

ಗಂಭೀರ. ಬಿಡಿಭಾಗ ದೂರದಿಂದ ಬರಬೇಕಂತೆ. "ಎಷ್ಟು ದೂರದಿಂದ?" ಅಂದಳು ಅಕ್ಕ. "ಸಮುದ್ರ ದಾಟಿ," ಅಂದೆ. "ಈಜಿಕೊಂಡು ಬರ್ತಿದೆಯೇನೋ ಪಾಪ," ಅಂದಳು.

ಬೆಳಿಗ್ಗೆ ಕೆಲಸ ಕಡಿಮೆ ಇತ್ತು, ಸ್ಟೂಲಿನ ಅಲುಗಾಡುವ ಕಾಲಿಗೆ ಮೊಳೆ ಹೊಡೆದೆ. ಮೇಲೆ ಹಳೆಯ ಕೋಟಿನ ಬಟ್ಟೆ ಮಡಚಿ ಮೆತ್ತೆ ಹೊಲಿದೆ. ಪೆನ್ಸಿಲ್ ಕೆತ್ತಿಟ್ಟೆ. ಅಂಗಡಿ ಓರಣವಾಗಿದ್ದರೆ ಗಿರಾಕಿಗಳಿಗೆ ಒಳ್ಳೆಯದು.

ಮೂರು ಗಂಟೆಗೆ ಅಕ್ಕ ಮೆತ್ತೆಯ ಮೇಲೆ ಕೂತು ಒಂದು ಸಲ ಹಿಂದೆ ಮುಂದೆ ತೂಗಿ ನೋಡಿದಳು. ಈಗ ಅವಳ ಪಾದ ನೆಲಕ್ಕೆ ಚೆನ್ನಾಗಿಯೇ ಎಟುಕುತ್ತದೆ. ಹಿಮ್ಮಡಿ ಒಡೆದಿದೆ. ಎಂಟನ್ನು ಮಾತ್ರ ಇನ್ನೂ ಹಾಗೇ ಬರೆಯುತ್ತಾಳೆ, ಒಂದರ ಮೇಲೊಂದು ಎರಡು ಸೊನ್ನೆ, ಮೇಲಿನದು ಟೋಪಿಯಂತೆ ಸ್ವಲ್ಪ ವಾರೆ.

ಮೇ ೨೪, ಶನಿವಾರ

ಅಹಿತಕರ ಘಟನೆ. ಎಂಟು ಮಕ್ಕಳು ಸಾಲಾಗಿ ನಿಂತಿದ್ದಾಗ ರಿಪೇರಿಯವನು ಬಗಲಲ್ಲಿ ಒಂದು ಪ್ಯಾಂಟು ಇಟ್ಟುಕೊಂಡು ಬಂದುಬಿಟ್ಟ, ಉದ್ದ ಕಡಿಮೆ ಮಾಡಿಸಲು.

"ಹೇಗಿದೆ ಮಾಸ್ಟ್ರೇ ಫೋನು?"

"ಯಾವ ಫೋನು?"

"ಅದೇ, ಎಣ್ಣೆ ಸ್ನಾನ ಮಾಡಿದ್ದು."

ನನಗೆ ಕೆಮ್ಮು ಬಂತು. ದೀರ್ಘವಾದ, ವಿವರವಾದ ಕೆಮ್ಮು. ಅವನು ನೀರು ತರಲು ಒಳಗೆ ನೋಡಿದ. ಅಮ್ಮ ಚೊಂಬು ತಂದಳು. ಅಷ್ಟರಲ್ಲಿ ನಾನು ಅವನ ಪ್ಯಾಂಟು ಕಿತ್ತುಕೊಂಡು "ಸೋಮವಾರ ಬನ್ನಿ, ಸೋಮವಾರ," ಎಂದು ಮೆಟ್ಟಿಲು ಇಳಿಸಿಬಿಟ್ಟೆ. ತಿರುಗಿದರೆ ಅಕ್ಕ ಪೆನ್ಸಿಲಿನ ತುದಿ ಕಚ್ಚುತ್ತ ನನ್ನನ್ನೇ ನೋಡುತ್ತಿದ್ದಳು.

"ಗಂಟಲಿಗೂ ಎರಡು ಹನಿ ಎಣ್ಣೆ ಬಿಟ್ಕೋ," ಅಂದಳು. "ಮುಂದಿನೋನು ಯಾರು?"

"ಇಪ್ಪತ್ತಾರು," ಎಂದ ಸಾಲಿನಲ್ಲಿದ್ದ ಒಬ್ಬ. ಮಕ್ಕಳಿಗೂ ಈಗ ಬಾಯಿಪಾಠವಾಗಿದೆ.

ಈ ಘಟನೆಯನ್ನು ಸಭೆಯ ನಡವಳಿಯಲ್ಲಿ ಸೇರಿಸಬಾರದಾಗಿ ಕೋರುತ್ತೇನೆ.

ಮೇ ೨೭, ಮಂಗಳವಾರ

ಕೊನೆಯ ತಂಡ. ಅದರಲ್ಲಿ ಒಬ್ಬ ಉದ್ದನೆಯವನು. ಬಾಗಿಲ ಚೌಕಟ್ಟಿಗೆ ತಲೆ ತಗ್ಗಿಸಿ ಬಂದ. ಕಾಲಿನ ಉದ್ದ ಅಳೆದೆ. ಟೇಪು ಹಿಮ್ಮಡಿಯ ಹತ್ತಿರ ಇತ್ತು. ಓದಿದೆ.

"ಮೂವತ್ತೆಂಟು."

ಏಣಿಯ ನಂಟು ಬರಲಿಲ್ಲ. ಮಕ್ಕಳು ಕಾಯುತ್ತಿದ್ದರು. ನಾನು ತಿರುಗಿ ನೋಡಿದೆ. ಅಕ್ಕನ ಪೆನ್ಸಿಲ್ ಹಾಳೆಯ ಮೇಲೆ ನಿಂತಿತ್ತು, ಏನೂ ಬರೆದಿರಲಿಲ್ಲ.

"ಇನ್ನೊಂದ್ಸಲ ಹೇಳು."

"ಮೂವತ್ತೆಂಟು."

"ಇನ್ನೊಂದ್ಸಲ ನೋಡು."

ಮತ್ತೆ ಅಳೆದೆ. ಮೂವತ್ತೆಂಟು. ಅವಳು ಎದ್ದು ಬಂದು ಟೇಪಿನ ಮೇಲೆ ನನ್ನ ಹೆಬ್ಬೆರಳು ಎಲ್ಲಿದೆ ಎಂದು ಕಣ್ಣಾರೆ ನೋಡಿ, ವಾಪಸು ಹೋಗಿ ಕೂತು ಬರೆದಳು. ಅಂಕಿಯಲ್ಲಿ ಒಂದು ಸಲ, ಅಕ್ಷರದಲ್ಲಿ ಒಂದು ಸಲ. ಬರೆದದ್ದನ್ನು ಹುಡುಗನಿಗೆ ತೋರಿಸಿ, "ಓದು ಮರಿ, ಎಷ್ಟು ಅಂತ ಬರ್ದಿದ್ದೀನಿ?" ಎಂದು ಕೇಳಿದಳು. ಅವನು ಓದಿದ. "ಕೇಳಿಸ್ಕೊಂಡ್ರಲ್ಲ ಎಲ್ರೂ," ಅಂದಳು. ತಮಾಷೆಯ ದನಿಯಲ್ಲೇ. ಮಕ್ಕಳು ನಕ್ಕರು.

ಇವತ್ತು ಪ್ರಾಸ ಬೇಡ.

ಮೇ ೩೦, ಶುಕ್ರವಾರ

ಹೊಲಿದೆ. ಹೊಲಿದೆ. ಅಕ್ಕ ಆಸ್ಪತ್ರೆಗೆ ರಜೆ ಹಾಕಿ ಬೆಳಿಗ್ಗೆಯಿಂದಲೇ ಬಂದು ಕಾಜಾ ಮಾಡಿದಳು, ಗುಂಡಿ ಹಾಕಿದಳು. ಅಮ್ಮ ನೂಲಿನ ತುದಿ ಕತ್ತರಿಸಿದಳು, ಒಂದೆರಡು ಕಡೆ ಬಟ್ಟೆಯನ್ನೂ. ಮೂವರೂ ಒಂದೇ ಕೋಣೆಯಲ್ಲಿ ಮಾತಿಲ್ಲದೆ ನಾಲ್ಕು ಗಂಟೆ ಕೂತಿದ್ದೆವು. ಈ ಮೌನಕ್ಕೂ ಆರು ವರ್ಷದ ಮೌನಕ್ಕೂ ಏನು ವ್ಯತ್ಯಾಸ ಎಂದು ಯೋಚಿಸಿದೆ, ಹೆಸರು ಸಿಗಲಿಲ್ಲ. ಆದರೆ ಇದರಲ್ಲಿ ಮಿಷನ್ನು ಚೆನ್ನಾಗಿ ಓಡುತ್ತದೆ.

ಫೋನು? ಓ, ಫೋನು. ಗಂಭೀರ.

ಮೇ ೩೧, ಶನಿವಾರ

ಮಧ್ಯಾಹ್ನ ನಲವತ್ತಾರನೆಯ ಜೊತೆ ಬಟ್ಟೆಗೆ ಇಸ್ತ್ರಿಯಾಯಿತು. ಇಸ್ತ್ರಿಯವನು ಗಾಡಿಯಲ್ಲಿ ಹೇರಿಕೊಂಡು ಶಾಲೆಗೆ ಕೊಟ್ಟುಬಂದ. ಉದ್ದನೆಯ ಹುಡುಗ ಅಲ್ಲೇ ಹಾಕಿ ನೋಡಿದನಂತೆ, ಪ್ಯಾಂಟು ಸರಿಯಾಗಿ ಬೂಟಿನ ಮೇಲೆ ಕೂತಿತಂತೆ. ಅಕ್ಕ ಇದನ್ನು ಅವನ ಬಾಯಲ್ಲಿ ಎರಡು ಸಲ ಹೇಳಿಸಿಕೊಂಡಳು.

ಆಮೇಲೆ ಕೈತೊಳೆದು ಬಂದು ಪೆನ್ಸಿಲನ್ನು ಮೇಜಿನ ಮೇಲಿಟ್ಟಳು. ಆರು ವರ್ಷದ ಹಿಂದೆ ಇಟ್ಟ ಜಾಗದಲ್ಲೇ.

"ಬಿಡಿಭಾಗ ಬಂತಾ?"

"ಇನ್ನೂ ಇಲ್ಲ."

"ಬಂದೇ ಬರತ್ತೆ. ಕೆಲಸವಂತೂ ಮುಗೀತು. ಸೋಮವಾರದಿಂದ ನಾನ್ಯಾಕೆ ಬರ್ಲಿ?"

ನಾನು ಟೇಪು ಸುತ್ತತೊಡಗಿದೆ. ಅಮ್ಮ ಬಾಗಿಲಲ್ಲಿ ನಿಂತು ನಮ್ಮಿಬ್ಬರನ್ನೂ ನೋಡಿ ಒಳಗೆ ಹೋದಳು. ಅಕ್ಕ ಪುಸ್ತಕ ಎತ್ತಿ ಮುಂದಿನ ಪುಟಗಳನ್ನು ಬೆರಳಿನಿಂದ ಸರ್ರನೆ ಬಿಟ್ಟಳು. "ನಡುವೆ ನಾಲ್ಕೇ ಹಾಳೆ ಉಳಿದಿವೆ ನೋಡು. ಈ ಕಡೆಯಿಂದ ನಾನು ಬಂದೆ, ಆ ಕಡೆಯಿಂದ ನೀನೇನೋ ಬರ್ತಾ ಇದ್ದೀಯ." ಮೂರು ಗುಂಡುಸೂಜಿಗಳ ತಲೆ ಮುಟ್ಟಿದಳು, ತೆಗೆಯಲಿಲ್ಲ. ಪುಸ್ತಕವನ್ನು ನನ್ನ ಕೈಗಿಟ್ಟು ಚಪ್ಪಲಿ ಮೆಟ್ಟಿ ಮುಂದಿನ ಬಾಗಿಲಿನಿಂದ ಹೊರಟಳು. ಬೀದಿಯ ತಿರುವಿನವರೆಗೂ ನೋಡಿದೆ. ತಿರುಗಿ ನೋಡುವವಳಲ್ಲ. ನೋಡಲಿಲ್ಲ.

ಸನ್ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲೆ

ಇಲ್ಲ. ವೇದಿಕೆ ಇಲ್ಲ. ಅಧ್ಯಕ್ಷರೂ ಇಲ್ಲ. ಯಾರೂ ಆಕಳಿಸುತ್ತಿಲ್ಲ. ಅಂಗಡಿಯಲ್ಲಿ ನಾನೊಬ್ಬನೇ ಕೂತಿದ್ದೇನೆ, ಎದುರಿಗೆ ಖಾಲಿ ಸ್ಟೂಲು. ಪಿನ್ನು ತೆಗೆದಿದ್ದೇನೆ. ಈ ಪುಸ್ತಕ ಅಮ್ಮನ ಕೈಯಲ್ಲಿ ಕಳಿಸುವುದಿಲ್ಲ. ನಾನೇ ಈಗ ಮೂರು ಬೀದಿ ನಡೆದು ಬಂದು ಕೊಡುತ್ತೇನೆ. ಹೇಳಲು ನನ್ನ ಬಾಯಿ ಸಾಲದು, ಅದಕ್ಕೆ ಓದು.

ಅಕ್ಕ, ಫೋನು ಹತ್ತೊಂಬತ್ತನೇ ತಾರೀಖು ಬೆಳಿಗ್ಗೆಯೇ ಸರಿಹೋಯಿತು. ಹಿಂಜು ತೆಗೆದ ಐದು ನಿಮಿಷಕ್ಕೆ ಚಾರ್ಜ್ ಆಯಿತು. ಬಿಡಿಭಾಗ ಇಲ್ಲ, ಸಮುದ್ರ ಇಲ್ಲ. ನಲವತ್ತಾರು ಮಕ್ಕಳ ಅಳತೆಯೂ ಅದರಲ್ಲಿ ಹಾಗೇ ಇತ್ತು. ನೀನು ಪೆನ್ಸಿಲ್ ಕೆಳಗಿಡ್ತೀನಿ ಅಂದಿದ್ದೆಯಲ್ಲ, ಅದಕ್ಕೆ ಹೇಳಲಿಲ್ಲ.

ಅವತ್ತೇ ಬೆಳಿಗ್ಗೆ, ಆ ನೀಲಿ ಎಳೆ ನೋಡಿ ಬಂದಮೇಲೆ, ಫೋನಿನಲ್ಲಿ ಎಲ್ಲಕ್ಕಿಂತ ಹಳೆಯ ರೆಕಾರ್ಡಿಂಗ್ ಹುಡುಕಿ ಹಾಕಿದೆ. ಆರು ವರ್ಷದಲ್ಲಿ ಅದನ್ನು ಒಂದು ಸಲವೂ ಕೇಳಿರಲಿಲ್ಲ. ಹೆಡ್‌ಮಾಸ್ಟರ ಮುಂದೆ ಫೋನು ತಪ್ಪೋದಿಲ್ಲ ಅಂದ ದಿನವೂ ಕೇಳಿರಲಿಲ್ಲ. ಅದರಲ್ಲಿ ನಾನು "ಇಪ್ಪತ್ತೆಂಟು" ಅಂತೀನಿ. ನೀನು "ದಾರಕ್ಕೆ ಗಂಟು" ಅಂತೀಯ. ಆಮೇಲೆ, "ಲೋ, ಇಷ್ಟುದ್ದ ಹುಡುಗನಿಗೆ ಇಪ್ಪತ್ತೆಂಟಾ? ಏಣಿ ಅಲ್ವೇನೋ?" ಅಂತೀಯ. ನಾನು, "ಬರ್ಕೋ ಅಂದ್ರೆ ಬರ್ಕೋ," ಅಂತೀನಿ. ಪೆನ್ಸಿಲಿನ ಸದ್ದು ಕೇಳುತ್ತದೆ.

ಅಕ್ಕ, ನೀನು ಸರಿಯಾಗಿಯೇ ಬರೆದಿದ್ದೆ. ತಪ್ಪು ಕೂಗಿದವನು ನಾನು.